ಅಪ್ಪನ ತೋಟಕ್ಕೆ ತೆರಿಗೆ ಎಷ್ಟು?

ಸಕಲೇಶಪುರದಲ್ಲಿ ‘ಎಸ್ಟೇಟ್’ ಅಂದರೆ ಕಾಫಿ ತೋಟ. ಸಿಲ್ವರ್ ಓಕಿನ ನೆರಳು, ಮರಕ್ಕೆ ಹಬ್ಬಿದ ಮೆಣಸು, ಕಣ, ಲೈನ್ ಮನೆ, ಲೆಕ್ಕ ಬರೆಯುವ ರೈಟರು. ಕಾನೂನಿನ ಪುಸ್ತಕದಲ್ಲಿ ಅದೇ ಮಾತಿಗೆ ಬೇರೆ ಅರ್ಥ: ತೀರಿಕೊಂಡವರು ಬಿಟ್ಟುಹೋದ ಮನೆ, ಒಡವೆ, ಠೇವಣಿ, ಜಮೀನು ಎಲ್ಲವೂ ಸೇರಿ ಎಸ್ಟೇಟ್. ಎರಡೂ ಅರ್ಥ ಕಲಸಿಹೋಗಿರುವುದಕ್ಕೋ ಏನೋ, ಹಿರಿಯರು ಕಣ್ಣುಮುಚ್ಚಿದ ಮನೆಯಲ್ಲಿ ತಿಥಿ ಮುಗಿಯುವ ಹೊತ್ತಿಗೆ ಒಂದು ಪ್ರಶ್ನೆ ಏಳುತ್ತದೆ. ತೋಟ ನಮ್ಮ ಹೆಸರಿಗೆ ಬಂದರೆ ಸರ್ಕಾರಕ್ಕೆ ಎಷ್ಟು ಕಟ್ಟಬೇಕು? 2024ರ ಲೋಕಸಭಾ ಚುನಾವಣೆಯ ಪ್ರಚಾರದಲ್ಲಿ ಪಿತ್ರಾರ್ಜಿತ ತೆರಿಗೆಯ ಮಾತು ಎದ್ದಾಗ ಆ ಪ್ರಶ್ನೆಗೆ ಭಯವೂ ಸೇರಿಕೊಂಡಿತು.

ಆಸ್ತಿ ಕೈಗೆ ಬಂದದ್ದಕ್ಕೆ ಇಂದು ಭಾರತದಲ್ಲಿ ತೆರಿಗೆ ಇಲ್ಲ. ಹಿಂದೆ ಇತ್ತು. 1953ರ ಅಕ್ಟೋಬರ್ 15ರಿಂದ ಎಸ್ಟೇಟ್ ಡ್ಯೂಟಿ ಕಾಯ್ದೆ ಜಾರಿಯಲ್ಲಿತ್ತು. ದೊಡ್ಡ ಆಸ್ತಿಯ ಮೇಲಿನ ಹಂತಕ್ಕೆ ದರ ಶೇ 85ರವರೆಗೂ ಏರಿತ್ತು. ಇಷ್ಟಾಗಿಯೂ ವರ್ಷಕ್ಕೆ ಕೂಡಿಬರುತ್ತಿದ್ದುದು ಸುಮಾರು 20 ಕೋಟಿ ರೂಪಾಯಿ. ಹಣಕಾಸು ಸಚಿವರಾಗಿದ್ದ ವಿ.ಪಿ. ಸಿಂಗ್ 1985ರಲ್ಲಿ ಅದನ್ನು ಕೈಬಿಟ್ಟರು. ಇನ್ನೊಂದು ವಿಷಯ ನಮ್ಮ ಬೆಟ್ಟಸೀಮೆಗೆ ಮುಖ್ಯ: ಕೃಷಿ ಭೂಮಿಯ ಮೇಲೆ ಇಂಥ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನ ಕೊಟ್ಟಿರುವುದು ರಾಜ್ಯಗಳಿಗೆ.

ಹಾಗಾದರೆ ತೆರಿಗೆ ಎಲ್ಲಿ ಕಾದಿದೆ? ಮಾರುವಾಗ. ಅಪ್ಪ ಹಾಸನದಲ್ಲಿ ಕೊಂಡಿಟ್ಟ ಸೈಟನ್ನು ಮಗಳು ಮಾರಿದರೆ, ಅವಳ ಲಾಭವನ್ನು ಅಪ್ಪ ಕೊಟ್ಟ ಬೆಲೆಯಿಂದಲೇ ಎಣಿಸುತ್ತಾರೆ. 2001ರ ಏಪ್ರಿಲ್ 1ಕ್ಕಿಂತ ಹಿಂದಿನ ಖರೀದಿಯಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಅಸಲಾಗಿ ಹಿಡಿಯಬಹುದು. ಹಳೆಯ ಕ್ರಯಪತ್ರವನ್ನು ಜೋಪಾನ ಮಾಡಬೇಕೆನ್ನುವುದು ಇದಕ್ಕೇ. ಗ್ರಾಮೀಣ ಕೃಷಿ ಭೂಮಿಗೆ ಈ ಲೆಕ್ಕವೂ ಇಲ್ಲ. ಸಕಲೇಶಪುರದಂಥ ಊರಿನ ಮುನಿಸಿಪಲ್ ಗಡಿಯಿಂದ ನೇರ ಅಳತೆಯಲ್ಲಿ 2 ಕಿ.ಮೀ. ದಾಟಿದ ತೋಟ ಆ ವಿನಾಯಿತಿಯೊಳಗೆ ಬರುತ್ತದೆ. ಲಂಡನ್ನಿನಲ್ಲೋ ಟೆಕ್ಸಾಸಿನಲ್ಲೋ ಇರುವ ಮಗ ಇಲ್ಲಿ ತೋಟ ಕೊಳ್ಳುವಂತಿಲ್ಲ, ಆದರೆ ಪಿತ್ರಾರ್ಜಿತವಾಗಿ ಪಡೆಯಬಹುದು. ಮಾರುವುದಾದರೆ ಭಾರತದಲ್ಲಿ ನೆಲೆಸಿದವರಿಗೇ ಮಾರಬೇಕು.

ಬೆಳೆಯ ಆದಾಯದ ಲೆಕ್ಕ ಬೇರೆ. ಕಾಫಿಯನ್ನು ಕಣದಲ್ಲಿ ಒಣಗಿಸಿ ಹಾಗೇ ಮಾರಿದರೆ ಅದು ಕೃಷಿ ಆದಾಯ. ತಾನೇ ಬೆಳೆದು, ಕ್ಯೂರಿಂಗ್ ಮಾಡಿಸಿ ಮಾರಿದರೆ ಆದಾಯದ ಶೇ 25 ಭಾಗ ಕೇಂದ್ರದ ಆದಾಯ ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ. ತೀರಿಕೊಂಡವರು ರಿಟರ್ನ್ ಸಲ್ಲಿಸಬೇಕಾಗಿದ್ದರೆ, ಏಪ್ರಿಲ್‌ನಿಂದ ಸಾವಿನ ದಿನದವರೆಗಿನ ಅವರ ಆದಾಯಕ್ಕೆ ವಾರಸುದಾರರು ಸಲ್ಲಿಸಬೇಕು. ಅವರ ತೆರಿಗೆ ಬಾಕಿಗೆ ವಾರಸುದಾರರ ಹೊಣೆ ಬಂದ ಆಸ್ತಿಯಷ್ಟಕ್ಕೇ ಸೀಮಿತ. ಸ್ವಂತ ಗಳಿಕೆಗೆ ಕೈಹಾಕುವಂತಿಲ್ಲ.

ನನಗೆ ಸಂಕಟವಾಗುವುದು ತೆರಿಗೆಯ ವಿಷಯಕ್ಕಲ್ಲ, ಪಹಣಿಯ ವಿಷಯಕ್ಕೆ. ವಾರಸಿನಿಂದ ಹಕ್ಕು ಬಂದವರು ಮೂರು ತಿಂಗಳೊಳಗೆ ತಿಳಿಸಬೇಕೆಂದು ಕರ್ನಾಟಕ ಭೂಕಂದಾಯ ಕಾಯ್ದೆ ಹೇಳುತ್ತದೆ. ವಂಶವೃಕ್ಷ, ಮರಣಪತ್ರ ಕೊಟ್ಟರೆ ಆಗುವ ಪೌತಿ ಖಾತೆಯನ್ನು ಮೂರು ತಲೆಮಾರು ಮುಂದೂಡಿದ ಮನೆಗಳಿವೆ. ಆಗ ಸಹಿ ಹಾಕಬೇಕಾದವರು ನಾಲ್ಕು ಜನರಲ್ಲ, ನಲವತ್ತು ಜನ. ಹೆಣ್ಣುಮಕ್ಕಳನ್ನು ಬಿಟ್ಟು ಬರೆದ ಪಾಲುಪಟ್ಟಿ ನಿಲ್ಲುವುದೂ ಕಷ್ಟ: ಕರ್ನಾಟಕ 1994ರಲ್ಲೇ ಅವಿಭಕ್ತ ಹಿಂದೂ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಪಾಲು ಕೊಟ್ಟಿತು, 2005ರಲ್ಲಿ ಇಡೀ ದೇಶಕ್ಕೆ ಆ ಕಾನೂನು ಬಂತು.

ಹೆತ್ತೂರು, ಯಸಳೂರು, ಆಲೂರಿನ ಕೆಂಚಮ್ಮನ ಹೊಸಕೋಟೆ ಕಡೆ ರಾತ್ರಿ ಆನೆ ನುಗ್ಗಿ ಕಾಫಿ ಗಿಡ ಮುರಿದು, ಮೆಣಸಿನ ಬಳ್ಳಿ ಕಿತ್ತುಹಾಕಿದರೆ ಬೆಳಿಗ್ಗೆ ಪರಿಹಾರದ ಅರ್ಜಿ ಬರೆಯಬೇಕು. ಅರ್ಜಿಯ ಜೊತೆ ಪಹಣಿ ಕೇಳುತ್ತಾರೆ. ಆ ಹಾಳೆಯಲ್ಲಿ ಇನ್ನೂ ಅಜ್ಜನ ಹೆಸರಿರುತ್ತದೆ.