ದುಡಿಮೆಯ ಮನಶ್ಶಾಸ್ತ್ರವೂ ಒಬ್ಬ ಗೃಹಿಣಿಯ ವ್ಯಾಸಂಗವೂ

ಮೊನ್ನೆ ಸಂಜೆ ನೆರೆಮನೆಯ ಹಿರಿಯರೊಬ್ಬರು ಕೈಯಲ್ಲಿ ಒಂದು ಅರ್ಜಿಯ ನಮೂನೆಯನ್ನು ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. ಅವರ ಸೊಸೆ ಎಂ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದವಳು, ಇಬ್ಬರು ಮಕ್ಕಳ ತಾಯಿ, ಒಂದು ಕಾರ್ಖಾನೆಯಲ್ಲಿ ನೌಕರರ ಯೋಗಕ್ಷೇಮವನ್ನು ವಿಚಾರಿಸುವ ಶಾಖೆಯಲ್ಲಿ ಉದ್ಯೋಗದಲ್ಲಿರುವವಳು. ಆಕೆಗೆ ಈಗ ಔದ್ಯೋಗಿಕ ಮನಶ್ಶಾಸ್ತ್ರದಲ್ಲಿ ಡಾಕ್ಟರ್ ಪದವಿಗಾಗಿ ವ್ಯಾಸಂಗ ಮಾಡಬೇಕೆಂಬ ಹಂಬಲ ಹುಟ್ಟಿದೆ. “ಮೇಷ್ಟ್ರೆ, ಕಾರ್ಖಾನೆಯೆಂದರೆ ಕಬ್ಬಿಣ, ಮನಸ್ಸೆಂದರೆ ವೇದಾಂತ. ಇವೆರಡನ್ನೂ ಒಟ್ಟಿಗೆ ಕಟ್ಟಿದ ಶಾಸ್ತ್ರವೊಂದುಂಟೆ? ಉಂಟಾದರೂ ಮನೆಮಕ್ಕಳ ನಡುವೆ ಅದನ್ನು ಓದಿ ಮುಗಿಸಲಾದೀತೆ?” ಎಂದು ಅವರು ಕೇಳಿದರು. ಈ ಎರಡು ಪ್ರಶ್ನೆಗಳನ್ನೂ ಬಿಡಿಸತಕ್ಕ ಒಂದು ಜೀವನವೃತ್ತಾಂತವು ನನಗೆ ನೆನಪಿಗೆ ಬಂದಿತು. ಅವರಿಗೆ ಹೇಳಿದುದನ್ನೇ ಸ್ವಲ್ಪ ವಿಸ್ತರಿಸಿ ವಾಚಕರ ಮುಂದಿಡುತ್ತೇನೆ.

ಶಾಸ್ತ್ರವೇನೋ ಉಂಟು; ಅದಕ್ಕೆ ನೂರು ವರ್ಷಗಳಿಗೆ ಮೀರಿದ ವಯಸ್ಸೂ ಆಗಿದೆ. ಜರ್ಮನಿಯಿಂದ ಅಮೆರಿಕಕ್ಕೆ ಬಂದು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ನೆಲಸಿದ ಹ್ಯೂಗೋ ಮ್ಯೂನ್‌ಸ್ಟರ್‌ಬರ್ಗ್ ಎಂಬ ಪಂಡಿತನು ಬಾಸ್ಟನ್ ನಗರದ ಟ್ರಾಮ್ ಚಾಲಕರ ಗಮನಶಕ್ತಿಯನ್ನು ಪರೀಕ್ಷಿಸಿದನು. ಬೀದಿಯಲ್ಲಿ ಏಕಕಾಲದಲ್ಲಿ ಎದುರಾಗುವ ಪಾದಚಾರಿ, ಕುದುರೆ, ಮೋಟಾರು ಇವುಗಳಲ್ಲಿ ಯಾವುದು ಹಳಿಗೆ ಅಡ್ಡಬಂದೀತೆಂಬುದನ್ನು ಚಾಲಕನು ಎಷ್ಟು ಬೇಗ, ಎಷ್ಟು ತಪ್ಪಿಲ್ಲದೆ ಗ್ರಹಿಸಬಲ್ಲನೆಂಬುದನ್ನು ಅಳೆಯಲು ಆತನು ಒಂದು ಉಪಾಯವನ್ನು ಕಲ್ಪಿಸಿದನು. ೧೯೧೩ರಲ್ಲಿ ಇಂಗ್ಲಿಷಿನಲ್ಲಿ ಹೊರಬಂದ ಆತನ ಗ್ರಂಥವನ್ನು ಈ ಶಾಸ್ತ್ರದ ಮೊದಲ ಪುಸ್ತಕಗಳಲ್ಲೊಂದೆಂದು ಎಣಿಸುತ್ತಾರೆ. ಮನಸ್ಸು ಅಣುಪರಿಮಾಣವಾದುದು, ಆದಕಾರಣ ಒಂದೇ ಕ್ಷಣದಲ್ಲಿ ಎರಡು ಜ್ಞಾನಗಳು ಹುಟ್ಟಲಾರವು ಎಂದು ನಮ್ಮ ನೈಯಾಯಿಕರು ವಾದಿಸಿದರಷ್ಟೆ. ಅವರು ಟ್ರಾಮ್ ಗಾಡಿಯನ್ನು ಕಂಡಿದ್ದರೆ ಈ ಪರೀಕ್ಷೆಯನ್ನು ಆದರದಿಂದ ನೋಡುತ್ತಿದ್ದರೆಂದು ನನಗೆ ತೋರುತ್ತದೆ. ಯಾವ ಕೆಲಸಕ್ಕೆ ಯಾರು ತಕ್ಕವರು, ಅವರಿಗೆ ಆ ಕೆಲಸವನ್ನು ಹೇಗೆ ಕಲಿಸಬೇಕು, ಆಯಾಸವು ಎಲ್ಲಿಂದ ಬರುತ್ತದೆ, ಕೂಲಿಯೊಂದೇ ಮನುಷ್ಯನನ್ನು ದುಡಿಸುತ್ತದೆಯೋ ಗೌರವವೂ ಬೇಕೋ, ಇವೆಲ್ಲ ಈ ಶಾಸ್ತ್ರದ ವಿಷಯಗಳು. ಅನೇಕರು ಕೂಡಿ ದುಡಿಯುವಾಗ ಹುಟ್ಟುವ ನಾಯಕತ್ವ, ಸ್ನೇಹ, ಮತ್ಸರಗಳ ವಿಚಾರವು ಮುಂದೆ ಬಹುವಾಗಿ ಬೆಳೆದು, ಶಾಸ್ತ್ರದ ಹೆಸರಿಗೆ ‘ಸಂಘಟನೆ’ ಎಂಬ ಮಾತೂ ಸೇರಿಕೊಂಡಿತು.

ಇನ್ನು ವೃತ್ತಾಂತಕ್ಕೆ ಬರೋಣ. ಲಿಲಿಯನ್ ಮೋಲರ್ ಎಂಬಾಕೆ ೧೮೭೮ನೆಯ ಇಸವಿಯಲ್ಲಿ ಕ್ಯಾಲಿಫೋರ್ನಿಯಾ ಪ್ರಾಂತದ ಓಕ್‌ಲೆಂಡ್ ಪಟ್ಟಣದಲ್ಲಿ ಜನಿಸಿದಳು. ಬರ್ಕ್‌ಲಿಯ ವಿಶ್ವವಿದ್ಯಾನಿಲಯದಲ್ಲಿ ಸಾಹಿತ್ಯವನ್ನು ಓದಿ ೧೯೦೦ರಲ್ಲಿ ಪದವೀಧರಳಾದಳು. ಮುಂದಿನ ವ್ಯಾಸಂಗಕ್ಕಾಗಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದಾಗ, ಆಕೆ ಯಾರಲ್ಲಿ ಓದಬೇಕೆಂದು ಬಯಸಿದ್ದಳೋ ಆ ಸಾಹಿತ್ಯಾಚಾರ್ಯನು ಸ್ತ್ರೀಯರನ್ನು ತನ್ನ ತರಗತಿಗೆ ಸೇರಿಸುತ್ತಿರಲಿಲ್ಲ. ಅಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞನ ಪಾಠಗಳನ್ನು ಕೇಳಿದಳು. ಆದರೆ ಬೇಗನೆ ಅಸ್ವಸ್ಥಳಾಗಿ ಊರಿಗೆ ಹಿಂದಿರುಗಬೇಕಾಯಿತು. ಬರ್ಕ್‌ಲಿಯಲ್ಲೇ ೧೯೦೨ರಲ್ಲಿ ಎಂ.ಎ. ಮುಗಿಸಿ, ಡಾಕ್ಟರ್ ಪದವಿಗಾಗಿ ಮತ್ತೆ ಓದತೊಡಗಿದಳು. ೧೯೦೪ರಲ್ಲಿ ಆಕೆಯ ವಿವಾಹವಾಯಿತು.

ಗಂಡನಾದ ಫ್ರಾಂಕ್ ಗಿಲ್‌ಬ್ರೆತ್ ಕಾಲೇಜಿನ ಮೆಟ್ಟಿಲನ್ನು ಹತ್ತಿದವನಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಗಾರೆಕೆಲಸದವರ ಕೈಕೆಳಗೆ ಇಟ್ಟಿಗೆ ಇಡುವುದನ್ನು ಕಲಿಯಹೋದವನು. ಅಲ್ಲಿ ಆತನು ಗಮನಿಸಿದ ಸಂಗತಿಯು ಬಹು ಸ್ವಾರಸ್ಯವಾದುದು. ಒಬ್ಬೊಬ್ಬ ಕೆಲಸಗಾರನು ಒಂದೊಂದು ವಿಧವಾಗಿ ಕೈಯಾಡಿಸುತ್ತಿದ್ದನು. ಅಷ್ಟೇ ಅಲ್ಲ, ಒಬ್ಬನೇ ಮೇಸ್ತ್ರಿಯು ಹುಡುಗನಿಗೆ ಕಲಿಸುವಾಗ ಒಂದು ರೀತಿ, ತಾನು ಅವಸರದಲ್ಲಿ ದುಡಿಯುವಾಗ ಇನ್ನೊಂದು ರೀತಿ ಕೈಯಾಡಿಸುತ್ತಿದ್ದನು. ಉಪಾಧ್ಯಾಯವೃತ್ತಿಯಲ್ಲಿ ಮುದುಕನಾದ ನಾನು ಇದನ್ನು ಓದಿದಾಗ ನಕ್ಕೆನು. ವ್ಯಾಕರಣವನ್ನು ನಾವು ಕಲಿಸುವ ಕ್ರಮವೂ ನಾವೇ ಮಾತನಾಡುವ ಕ್ರಮವೂ ಬೇರೆಯಲ್ಲವೆ? ಇರಲಿ. ಫ್ರಾಂಕನು ಒಂದು ಇಟ್ಟಿಗೆಯನ್ನಿಡಲು ತಗಲುತ್ತಿದ್ದ ಹದಿನೆಂಟು ಚಲನೆಗಳನ್ನು ಐದಕ್ಕೆ ಇಳಿಸಿದನು. ಇಟ್ಟಿಗೆಯನ್ನು ನೆಲದಲ್ಲಿಡದೆ ಸೊಂಟದ ಎತ್ತರದ ಅಟ್ಟಣೆಯ ಮೇಲಿಟ್ಟರೆ, ಒಂದೊಂದು ಇಟ್ಟಿಗೆಗೂ ಇಡೀ ಮೈಯನ್ನು ಬಗ್ಗಿಸಿ ಎತ್ತುವ ಶ್ರಮವು ತಪ್ಪುತ್ತದೆಂದು ತೋರಿಸಿದನು. ಗಂಟೆಗೆ ೧೨೦ ಇಟ್ಟಿಗೆಗಳನ್ನಿಡುತ್ತಿದ್ದವರು ೩೫೦ನ್ನು ಇಡುವಂತಾಯಿತು.

ಕೈಗಳ ವಿಚಾರವನ್ನು ಹೀಗೆ ಬಲ್ಲ ಗಂಡನಿಗೆ ಮನಸ್ಸಿನ ವಿಚಾರವನ್ನು ಬಲ್ಲ ಸಹಧರ್ಮಿಣಿಯು ಬೇಕಾಗಿದ್ದಳು. ಆತನ ಇಚ್ಛೆಯಂತೆ ಆಕೆ ಸಾಹಿತ್ಯವನ್ನು ಬಿಟ್ಟು ಮನಶ್ಶಾಸ್ತ್ರವನ್ನು ಹಿಡಿದಳು. ಆ ಕಾಲದಲ್ಲಿ ಫ್ರೆಡೆರಿಕ್ ಟೇಲರ್ ಎಂಬ ಎಂಜಿನಿಯರನು ನಿಲುಗಡಿಯಾರವನ್ನು ಹಿಡಿದು ಕೆಲಸಗಾರರ ಒಂದೊಂದು ಕ್ಷಣವನ್ನೂ ಅಳೆಯುವ ಪದ್ಧತಿಯನ್ನು ಪ್ರಚಾರಕ್ಕೆ ತಂದಿದ್ದನು. ೧೯೧೧ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ವಾಟರ್‌ಟೌನ್ ಎಂಬಲ್ಲಿ, ಸರ್ಕಾರದ ಶಸ್ತ್ರಾಗಾರದ ಎರಕದವರು ಆ ಗಡಿಯಾರವನ್ನು ಸಹಿಸಲಾರದೆ ಕೆಲಸವನ್ನು ನಿಲ್ಲಿಸಿ ಹೊರಬಂದರು. ಅಳತೆಯಲ್ಲಿ ತಪ್ಪಿದ್ದಿತೋ ಇಲ್ಲವೋ, ಅಳೆಯಲ್ಪಡುವವನೂ ಮನುಷ್ಯನೆಂಬ ಅಂಶವು ಮರೆತುಹೋಗಿದ್ದಿತು. ಲಿಲಿಯನ್ ಬರೆಯಲು ಕೈಕೊಂಡ ಮಹಾಪ್ರಬಂಧವು ಈ ಕೊರತೆಯನ್ನೇ ಕುರಿತುದು. ಕೆಲಸಗಾರನ ವ್ಯಕ್ತಿತ್ವ, ಕಲಿಸುವ ಕ್ರಮ, ಪ್ರೋತ್ಸಾಹ, ಕ್ಷೇಮ ಇವುಗಳನ್ನು ಬಿಟ್ಟರೆ ಯಾವ ವ್ಯವಸ್ಥೆಯೂ ನಿಲ್ಲದೆಂಬುದು ಅದರ ಪ್ರತಿಪಾದನೆ.

ಆಕೆ ಅದನ್ನು ಬರೆದ ಕಾಲವನ್ನು ವಾಚಕರು ನೆನೆಯಬೇಕು. ೧೯೦೫ರಿಂದ ೧೯೧೧ರೊಳಗೆ ಐದು ಮಕ್ಕಳಾಗಿದ್ದರು. ೧೯೧೨ರಲ್ಲಿ, ಆಕೆಯ ಎರಡನೆಯ ಮಗಳು ಮೇರಿ, ಐದು ವರ್ಷದ ಕೂಸು, ಡಿಫ್ತೀರಿಯಾ ಎಂಬ ಗಂಟಲಮಾರಿಗೆ ತುತ್ತಾದಳು. ಆ ವರ್ಷವೇ ಪ್ರಬಂಧವು ಬರ್ಕ್‌ಲಿಗೆ ಹೋಯಿತು. ಪ್ರಬಂಧವು ಅಂಗೀಕಾರಯೋಗ್ಯವೆಂದು ಕಂಡುಬಂದರೂ ಪದವಿಯು ಬರಲಿಲ್ಲ. ಅಭ್ಯರ್ಥಿಯು ಕೊನೆಯ ಒಂದು ವರ್ಷವನ್ನು ವಿಶ್ವವಿದ್ಯಾನಿಲಯದ ನೆರಳಲ್ಲೇ ಕಳೆಯತಕ್ಕದ್ದೆಂಬ ನಿಯಮವಿದ್ದಿತು. ಆಕೆಯ ಸಂಸಾರವೋ ದೇಶದ ಇನ್ನೊಂದು ಕಡಲತೀರದಲ್ಲಿದ್ದಿತು. ಆ ನಿಯಮದಿಂದ ತನಗೆ ವಿನಾಯಿತಿ ದೊರೆಯುವುದೆಂದು ಆಕೆ ನಂಬಿದ್ದಳು, ದೊರೆಯಲಿಲ್ಲ. ನಾನೂ ಹಾಜರಿಪುಸ್ತಕವನ್ನು ಮುಂದಿಟ್ಟುಕೊಂಡು ಆಯುಷ್ಯವನ್ನು ಸವೆಸಿದವನೇ. ನಿಯಮವಿಲ್ಲದೆ ವಿದ್ಯಾಶಾಲೆಯು ನಡೆಯದೆಂಬುದನ್ನು ಬಲ್ಲೆ. ಆದರೂ ಗ್ರಂಥವು ಕೈಯಲ್ಲಿರುವಾಗ ಗ್ರಂಥಕರ್ತ್ರಿಯ ವಾಸಸ್ಥಳವನ್ನು ವಿಚಾರಿಸುವುದು ನನಗೆ ಸರಿದೋರದು.

ಆ ಪ್ರಬಂಧವು ವ್ಯರ್ಥವಾಗಲಿಲ್ಲ. ಮೊದಲು ಒಂದು ಪತ್ರಿಕೆಯಲ್ಲಿ ಬಿಡಿಬಿಡಿಯಾಗಿ ಪ್ರಕಟವಾಗಿ, ೧೯೧೪ರಲ್ಲಿ ‘ವ್ಯವಸ್ಥೆಯ ಮನಶ್ಶಾಸ್ತ್ರ’ ಎಂಬರ್ಥದ ಹೆಸರಿನಿಂದ ಗ್ರಂಥವಾಯಿತು. ಮುಖಪುಟದಲ್ಲಿ ‘ಎಲ್. ಎಂ. ಗಿಲ್‌ಬ್ರೆತ್’ ಎಂದಷ್ಟೇ ಅಚ್ಚಾಯಿತು. ಬರೆದವಳು ಹೆಂಗಸೆಂದು ತಿಳಿದರೆ ಕೊಳ್ಳುವವರು ಹಿಂಜರಿದಾರೆಂಬುದು ಪ್ರಕಾಶಕರ ಭಯ.

ಇಷ್ಟಾದ ಮೇಲೆ ‘ಪುಸ್ತಕವಾಯಿತು, ಸಾಕು’ ಎಂದು ಕುಳಿತಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಸಂಸಾರವು ಆ ವೇಳೆಗೆ ರೋಡ್ ಐಲೆಂಡ್ ಪ್ರಾಂತದ ಪ್ರಾವಿಡೆನ್ಸ್ ನಗರಕ್ಕೆ ಬಂದಿದ್ದಿತು. ಆ ಊರಿನಲ್ಲೇ ಬ್ರೌನ್ ವಿಶ್ವವಿದ್ಯಾನಿಲಯವಿದ್ದುದರಿಂದ, ವಾಸದ ನಿಯಮವು ಅಡ್ಡಬರುವಂತಿರಲಿಲ್ಲ. ಆಕೆ ಅಲ್ಲಿ ಸೇರಿ, ಪಾಠಗಳನ್ನು ಮತ್ತೆ ಓದಿ, ಬೇರೊಂದು ಮಹಾಪ್ರಬಂಧವನ್ನೇ ಬರೆದಳು. ಅದರ ವಿಷಯವು ನನ್ನಂಥವರಿಗೆ ಪ್ರಿಯವಾದುದು: ಬೋಧನಕಾರ್ಯದಲ್ಲಿ ಆಗುವ ಅಪವ್ಯಯವನ್ನು ಹೋಗಲಾಡಿಸುವ ಬಗೆ. ಕಾರ್ಖಾನೆಗೆ ಹೇಳಿದ ತತ್ತ್ವಗಳನ್ನು ಆಕೆ ತರಗತಿಯ ಉಪಾಧ್ಯಾಯನ ದುಡಿಮೆಗೆ ಅನ್ವಯಿಸಿದಳು. ಉಪಾಧ್ಯಾಯನೂ ದಣಿಯುತ್ತಾನೆ, ಆತನ ದಣಿವಿಗೂ ಕಾರಣಗಳುಂಟು ಎಂಬುದನ್ನು ಶಾಸ್ತ್ರವಾಗಿ ವಿಚಾರಿಸಿದವರು ಆಗ ಎಷ್ಟು ಮಂದಿ! ೧೯೧೫ರಲ್ಲಿ ಡಾಕ್ಟರ್ ಪದವಿಯು ಲಭಿಸಿತು. ಆ ದಿನ ಮನೆಯಲ್ಲಿ ಆರು ಮಕ್ಕಳು. ಹಿರಿಯವಳಿಗೆ ಒಂಬತ್ತು ವರ್ಷ. ಔದ್ಯೋಗಿಕ ಮನಶ್ಶಾಸ್ತ್ರವೆಂಬ ಹೆಸರಿನಲ್ಲೇ ಮೊದಲ ಡಾಕ್ಟರ್ ಪದವಿಯು ೧೯೨೧ರಲ್ಲಿ ಕಾರ್ನೆಗಿ ಸಂಸ್ಥೆಯಲ್ಲಿ ಬ್ರೂಸ್ ಮೂರ್ ಎಂಬಾತನಿಗೆ ಬಂದಿತೆಂದು ಹೇಳುವುದುಂಟು. ಲಿಲಿಯನ್ನಳ ಪದವಿಯೇ ಮೊದಲನೆಯದೆಂದು ವಾದಿಸುವವರೂ ಇದ್ದಾರೆ. ಆ ಜಗಳದಲ್ಲಿ ನಮಗೆ ಕೆಲಸವಿಲ್ಲ.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಇಂಥ ವೃತ್ತಾಂತಗಳನ್ನು ಹೇಳುವವರು ನಾಯಿಕೆಯನ್ನು ದಶಭುಜೆಯನ್ನಾಗಿ ಮಾಡಿಬಿಡುತ್ತಾರೆ. ಅದನ್ನು ಕೇಳಿದ ನಮ್ಮ ಹೆಣ್ಣುಮಕ್ಕಳು ‘ನನ್ನಿಂದಾಗದು’ ಎಂದು ಕೈಚೆಲ್ಲುತ್ತಾರೆ. ಲಿಲಿಯನ್ನಳ ಮನೆಯಲ್ಲಿ ಗಂಡನ ತಾಯಿ ಇದ್ದಳು, ಸೇವಕರಿದ್ದರು, ಅಡಿಗೆಯನ್ನು ಆಕೆ ಮಾಡುತ್ತಿದ್ದುದೇ ಅಪರೂಪ. ಹೆಂಡತಿಯ ಓದನ್ನು ತನ್ನ ಉದ್ಯೋಗದ ಒಂದು ಅಂಗವೆಂದೇ ಭಾವಿಸಿದ ಗಂಡನಿದ್ದನು. ಈ ನೆರವಿಲ್ಲದೆ ಆ ಪದವಿಯು ಬರುತ್ತಿದ್ದಿತೆಂದು ನಾನು ನಂಬುವುದಿಲ್ಲ. ನೆರೆಮನೆಯವರಿಗೆ ಇದನ್ನು ಹೇಳುವಾಗ ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿದೆನು. ಅವರು ಅರ್ಜಿಯ ಅಂಚನ್ನು ಮಡಿಸುತ್ತಿದ್ದರು.

ಪದವಿಯ ನಿಜವಾದ ಉಪಯೋಗವು ಗೋಚರವಾದುದು ಒಂಬತ್ತು ವರ್ಷಗಳ ಮೇಲೆ. ೧೯೨೪ರ ಜೂನ್ ೧೪ರಂದು ಫ್ರಾಂಕನು ಊರಿನ ರೈಲುನಿಲ್ದಾಣದಿಂದ ಹೆಂಡತಿಯೊಡನೆ ಟೆಲಿಫೋನಿನಲ್ಲಿ ಮಾತನಾಡುತ್ತಿದ್ದಂತೆಯೇ ಹೃದಯಾಘಾತದಿಂದ ಕುಸಿದು ತೀರಿಕೊಂಡನು. ಉಳಿದ ಮಕ್ಕಳು ಹನ್ನೊಂದು. ಕಿರಿಯ ಕೂಸಿಗೆ ಎರಡು ವರ್ಷ. ಲಂಡನ್ ಮತ್ತು ಪ್ರಾಗ್ ನಗರಗಳ ಸಮ್ಮೇಳನಗಳಲ್ಲಿ ಆತನು ಓದಬೇಕಾಗಿದ್ದ ಉಪನ್ಯಾಸಗಳಿದ್ದವು. ಕೆಲವೇ ದಿನಗಳಲ್ಲಿ ಆಕೆ ಹಡಗನ್ನೇರಿ ಹೋಗಿ ಗಂಡನ ಸ್ಥಾನದಲ್ಲಿ ನಿಂತು ಆ ಕಾರ್ಯವನ್ನು ನೆರವೇರಿಸಿದಳು. ಹಿಂದಿರುಗಿ ಬಂದರೆ, ಗಂಡನೊಡನೆ ವ್ಯವಹರಿಸುತ್ತಿದ್ದ ಕಾರ್ಖಾನೆಗಳವರು ಅನೇಕರು ವಿಧವೆಯೊಬ್ಬಳಿಗೆ ಆ ಕೆಲಸವನ್ನು ಒಪ್ಪಿಸಲು ಇಷ್ಟಪಡಲಿಲ್ಲ. ಆಕೆ ಮನೆಯಲ್ಲೇ ತರಗತಿಗಳನ್ನು ನಡೆಸಿದಳು. ಕಾರ್ಖಾನೆಯ ಬಾಗಿಲು ಮುಚ್ಚಿದರೆ ಅಡಿಗೆಮನೆಯ ಬಾಗಿಲನ್ನು ತೆರೆದಳು. ಒಲೆಯ ಎತ್ತರವೆಷ್ಟಿರಬೇಕು, ಪಾತ್ರೆಯಿಂದ ನೀರಿಗೆ ಎಷ್ಟು ಹೆಜ್ಜೆ, ನಿಂತು ಮಾಡುವ ಯಾವ ಕೆಲಸವನ್ನು ಕುಳಿತು ಮಾಡಬಹುದು, ಇವುಗಳನ್ನು ಇಟ್ಟಿಗೆಯ ಕೆಲಸದಷ್ಟೇ ಶ್ರದ್ಧೆಯಿಂದ ಅಳೆದಳು. ಕಾಲಿನಿಂದ ಮೆಟ್ಟಿದರೆ ಮುಚ್ಚಳ ತೆರೆಯುವ ಕಸದ ಡಬ್ಬಿ, ಶೀತಪೆಟ್ಟಿಗೆಯ ಬಾಗಿಲೊಳಗಿನ ಗೂಡುಗಳು, ಇವನ್ನು ಆಕೆಯ ಹೆಸರಿನೊಡನೆಯೇ ಸೇರಿಸಿ ಹೇಳುತ್ತಾರೆ. ೧೯೩೫ರಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯವು ಆಕೆಯನ್ನು ಎಂಜಿನಿಯರಿಂಗ್ ವಿಭಾಗದ ಪ್ರೊಫೆಸರಳನ್ನಾಗಿ ನಿಯಮಿಸಿತು. ಆ ವಿಭಾಗದಲ್ಲಿ ಆ ಹುದ್ದೆಗೆ ಬಂದ ಮೊದಲ ಸ್ತ್ರೀ ಆಕೆಯೇ. ಮಕ್ಕಳೆಲ್ಲ ಕಾಲೇಜು ಓದಿದರು. ೧೯೭೨ರ ಜನವರಿಯಲ್ಲಿ, ತೊಂಬತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡಳು.

“ಅದು ಅಮೆರಿಕದ ಮಾತಾಯಿತು” ಎಂದರು ನೆರೆಮನೆಯವರು. ನಮ್ಮ ದೇಶದಲ್ಲೂ ಈ ಬೀಜವು ತಡವಾಗಿ ಬಿದ್ದುದಲ್ಲ. ಮ್ಯೂನ್‌ಸ್ಟರ್‌ಬರ್ಗನಲ್ಲಿ ಓದಿ ಬಂದ ಎನ್. ಎನ್. ಸೇನ್‌ಗುಪ್ತರು ೧೯೧೬ರಲ್ಲಿ ಕಲ್ಕತ್ತೆಯಲ್ಲಿ ಮನಶ್ಶಾಸ್ತ್ರದ ವಿಭಾಗವನ್ನು ಕಟ್ಟಿದರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನನ ಶಿಷ್ಯರಾಗಿ ಡಾಕ್ಟರ್ ಪದವಿಯನ್ನು ಪಡೆದ ಎಂ. ವಿ. ಗೋಪಾಲಸ್ವಾಮಿಯವರು ೧೯೨೪ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅದನ್ನೇ ಮಾಡಿದರು. ೧೯೩೫ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರವನ್ನು ಆರಂಭಿಸಿದವರೂ ಅವರೇ. ಲಾಹೋರಿನಲ್ಲಿ ಹುಟ್ಟಿದ ಕಮಲಾ ಚೌಧರಿಯವರು ಎಳೆಯ ವಯಸ್ಸಿನಲ್ಲೇ ಪತಿಯನ್ನು ಕಳೆದುಕೊಂಡು, ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ಪದವಿಯನ್ನು ಗಳಿಸಿ ಬಂದು, ಅಹಮದಾಬಾದಿನ ಬಟ್ಟೆಗಿರಣಿಗಳ ಸಂಶೋಧನಸಂಸ್ಥೆಯಲ್ಲಿ ಕೆಲಸಗಾರರ ಮನೋಧರ್ಮವನ್ನು ಕುರಿತು ಪರಿಶೋಧನೆ ನಡೆಸಿದರು.

ಕೊನೆಗೆ ಅರ್ಜಿಯ ವಿಚಾರ. ನಮ್ಮಲ್ಲಿ ವಿಶ್ವವಿದ್ಯಾನಿಲಯಗಳ ಅನುದಾನ ಆಯೋಗವು ೨೦೨೨ರಲ್ಲಿ ಹೊರಡಿಸಿದ ನಿಯಮಗಳಂತೆ ಈ ವ್ಯಾಸಂಗಕ್ಕೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಪುನಃ ನೋಂದಾಯಿಸಿಕೊಂಡರೆ ಇನ್ನೆರಡು ವರ್ಷ. ಸ್ತ್ರೀಯರಿಗೆ ಅದರ ಮೇಲೆ ಮತ್ತೆರಡು ವರ್ಷಗಳ ಅವಕಾಶವುಂಟು. ಹೆರಿಗೆ ಮತ್ತು ಶಿಶುಪಾಲನೆಗೆ ೨೪೦ ದಿನಗಳವರೆಗೆ ರಜೆಯೂ ಉಂಟು. ಉದ್ಯೋಗದಲ್ಲಿರುವವರು ಯಜಮಾನರ ಅನುಮತಿಪತ್ರವನ್ನು ತಂದು ಅರೆಕಾಲದ ಅಭ್ಯರ್ಥಿಗಳಾಗಿ ಸೇರಬಹುದು. ಮೊದಲು ಪಾಠಗಳಿಗೆ ಹಾಜರಾಗಬೇಕು. ಸಂಖ್ಯಾಶಾಸ್ತ್ರವನ್ನು ತಪ್ಪಿಸಿಕೊಳ್ಳುವಂತಿಲ್ಲ, ಅನೇಕರು ಎಡವುವುದು ಅಲ್ಲೇ. ಆಮೇಲೆ ಪ್ರಶ್ನೆಯು ಸ್ವಂತದ್ದಾಗಿರಬೇಕು. ಆಕೆಯ ಪ್ರಶ್ನೆಯೇನೆಂದು ನಾನು ಕೇಳಿದೆನು. ರಾತ್ರಿಯ ಪಾಳಿಯಿಂದ ಹಗಲಿನ ಪಾಳಿಗೆ ಬಂದ ಹೆಂಗಸರು ಮೊದಲ ವಾರದಲ್ಲೇ ಏಕೆ ಹೆಚ್ಚಾಗಿ ಕೆಲಸ ಬಿಡುತ್ತಾರೆಂಬುದು ತಮ್ಮ ಸೊಸೆಯನ್ನು ಎರಡು ವರ್ಷಗಳಿಂದ ಕಾಡುತ್ತಿದೆಯೆಂದು ಅವರು ಹೇಳಿದರು. ಊಟದ ಹೊತ್ತಿನಲ್ಲಿ ಮನೆಯಲ್ಲೂ ಅದೇ ಮಾತಂತೆ.

ಕಾರ್ಖಾನೆಯೂ ವಿಶ್ವವಿದ್ಯಾನಿಲಯವೂ ಬೇರೆ ಬೇರೆ ಊರುಗಳಲ್ಲಿವೆ. ವರ್ಷದಲ್ಲಿ ಎಷ್ಟು ದಿನ ಅಲ್ಲಿಯೇ ಇದ್ದು ಹಾಜರಿ ಹಾಕಬೇಕೆಂಬುದನ್ನು ಶುಲ್ಕ ಕಟ್ಟುವ ಮೊದಲೇ ವಿಚಾರಿಸಿ, ಉತ್ತರವನ್ನು ಬಾಯಿಮಾತಿನಲ್ಲಲ್ಲ, ಬರವಣಿಗೆಯಲ್ಲಿ ಪಡೆಯಲಿ ಎಂದು ಹೇಳಿ ಅರ್ಜಿಯನ್ನು ಹಿಂದಕ್ಕೆ ಕೊಟ್ಟೆನು. ಅವರು ಮಡಿಸಿದ್ದ ಅಂಚನ್ನು ನೇರಮಾಡಿಕೊಂಡು, ಮೊಮ್ಮಕ್ಕಳನ್ನು ಪಾಠಶಾಲೆಯಿಂದ ಕರೆತರುವ ಹೊತ್ತಾಯಿತೆಂದು ಎದ್ದು ಹೋದರು.