ಇಂಜಿನಿಯರ್ ವೃತ್ತಿಯೂ ಒಂದು ದೈವಕರೆ

'ದೈವಕರೆ' ಎಂದಾಗ ನಮಗೆ ಮೊದಲು ನೆನಪಾಗುವುದು ಸೆಮಿನರಿ ಮತ್ತು ಕಾನ್ವೆಂಟ್. ಆದರೆ ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಇಂಜಿನಿಯರುಗಳ ಸಂಖ್ಯೆ ಕಡಿಮೆಯಿಲ್ಲ. ಕೆಲವರು ಊರಲ್ಲಿ, ಕೆಲವರು ಬೆಂಗಳೂರಿನಲ್ಲಿ, ಇನ್ನು ಕೆಲವರು ಗಲ್ಫ್ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದಾರೆ. ಅವರ ಕೆಲಸವೂ ದೇವರ ಕರೆಯೇ? ಹೌದು ಎನ್ನುತ್ತದೆ ಧರ್ಮಸಭೆ.

ಶ್ರೀಸಾಮಾನ್ಯ ವಿಶ್ವಾಸಿಗಳು ಲೌಕಿಕ ಕಾರ್ಯಗಳ ನಡುವೆಯೇ ದೇವರ ರಾಜ್ಯವನ್ನು ಅರಸಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಬೋಧಿಸಿತು. ಮನುಷ್ಯನು ತನ್ನ ದುಡಿಮೆಯ ಮೂಲಕ ಸೃಷ್ಟಿಕರ್ತನ ಕಾರ್ಯದಲ್ಲಿ ಪಾಲುಗೊಳ್ಳುತ್ತಾನೆ ಎಂದು ಪೋಪ್ ದ್ವಿತೀಯ ಜಾನ್ ಪಾಲ್‌ರವರು 1981ರ ತಮ್ಮ ವಿಶ್ವಪತ್ರದಲ್ಲಿ ವಿವರಿಸಿದರು. ಸಂತ ಜೋಸೆಫರ ವೃತ್ತಿಗೆ ಶುಭಸಂದೇಶದಲ್ಲಿ ಬಳಸಿರುವ ಗ್ರೀಕ್ ಪದ 'ತೆಕ್ತೋನ್'. ಮರಗೆಲಸದವನು ಎಂಬುದರ ಜೊತೆಗೆ ಕಟ್ಟುವ ಕುಶಲಕರ್ಮಿ ಎಂಬ ಅರ್ಥವೂ ಅದಕ್ಕಿದೆ.

ಹಾಗಾದರೆ ವಿಶ್ವಾಸ ಮತ್ತು ವೃತ್ತಿ ಒಂದಾಗುವುದು ಎಲ್ಲಿ? ಮೇಜಿನ ಮೇಲೆ ಪವಿತ್ರ ಹೃದಯದ ಚಿತ್ರ ಇಡುವುದು ಒಳ್ಳೆಯದೇ. ಆದರೆ ಅಷ್ಟು ಸಾಲದು. ಯಾರ ಕಣ್ಣಿಗೂ ಬೀಳದ ಕೆಲಸದಲ್ಲಿ ನಮ್ಮ ವಿಶ್ವಾಸ ಕಾಣಬೇಕು.

ನಮ್ಮ ಊರಿನದೇ ಉದಾಹರಣೆ ನೋಡೋಣ. ಸಮುದ್ರದ ಗಾಳಿಯಲ್ಲಿರುವ ಉಪ್ಪು ಕಾಂಕ್ರೀಟಿನೊಳಗೆ ಇಳಿದರೆ ಕಬ್ಬಿಣದ ರಾಡಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ರಾಡು ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ಆದುದರಿಂದ ಕರಾವಳಿಯ ಗಾಳಿಗೆ ತೆರೆದಿರುವ ಕಾಂಕ್ರೀಟಿನಲ್ಲಿ ರಾಡಿನ ಹೊರಗೆ ಸಾಮಾನ್ಯವಾಗಿ 45 ಮಿ.ಮೀ. ಕವರ್ ಇರಬೇಕೆಂದು ಭಾರತೀಯ ಮಾನಕ ಐಎಸ್ 456ರ 2000ದ ಆವೃತ್ತಿ ಸೂಚಿಸಿದೆ. ಕನಿಷ್ಠ 7 ದಿನ ಕ್ಯೂರಿಂಗ್ ಬೇಕು, ಸಮುದ್ರದ ನೀರು ಬಳಸುವುದು ಸೂಕ್ತವಲ್ಲ ಎಂದೂ ಅದು ಹೇಳಿದೆ. ಪ್ಲಾಸ್ಟರ್ ಮುಗಿದ ಮೇಲೆ ಇದೆಲ್ಲವೂ ಮರೆಯಾಗುತ್ತದೆ. ಅದನ್ನು ನೋಡಿದವರು ಇಬ್ಬರೇ, ಸೈಟಿನಲ್ಲಿದ್ದ ಇಂಜಿನಿಯರ್ ಮತ್ತು ದೇವರು.

ಒಂದು ವೇಳೆ ತಪ್ಪು ಕಟ್ಟಡ ಮುಗಿದ ಮೇಲೆ ಗೊತ್ತಾದರೆ? ಇದಕ್ಕೆ ನ್ಯೂಯಾರ್ಕಿನ 59 ಅಂತಸ್ತಿನ ಸಿಟಿಕಾರ್ಪ್ ಕಟ್ಟಡದ ಘಟನೆ ಪ್ರಸಿದ್ಧವಾಗಿದೆ. ಅದೇ ನಿವೇಶನದ ಮೂಲೆಯಲ್ಲಿ ಒಂದು ಲೂಥರನ್ ಚರ್ಚ್ ಇದ್ದ ಕಾರಣ, 1977ರಲ್ಲಿ ಪೂರ್ಣಗೊಂಡ ಆ ಕಟ್ಟಡದ ಎತ್ತರದ ಕಂಬಗಳನ್ನು ನಾಲ್ಕು ಬದಿಗಳ ಮಧ್ಯದಲ್ಲಿ ನಿಲ್ಲಿಸಲಾಗಿತ್ತು. 1978ರಲ್ಲಿ ಅದರ ಇಂಜಿನಿಯರ್ ವಿಲಿಯಂ ಲೆಮೆಸುರಿಯರ್ ಮತ್ತೆ ಲೆಕ್ಕ ಹಾಕಿದರು. ಉಕ್ಕಿನ ಜೋಡಣೆಗಳಿಗೆ ವೆಲ್ಡಿಂಗ್ ಬದಲು ಬೋಲ್ಟ್ ಹಾಕಿದ್ದರಿಂದ ಭಾರಿ ಬಿರುಗಾಳಿಗೆ ಅಪಾಯವಿದೆ ಎಂದು ಆ ಲೆಕ್ಕ ತೋರಿಸಿತು. ಸುಮ್ಮನಿದ್ದರೆ ಅವರ ಹೆಸರು ಉಳಿಯುತ್ತಿತ್ತು. ಆದರೂ ಅವರು ಮಾಲೀಕರಿಗೂ ನಗರಾಡಳಿತಕ್ಕೂ ವಿಷಯ ತಿಳಿಸಿದರು. ರಾತ್ರಿ ಹೊತ್ತು ಉಕ್ಕಿನ ಪಟ್ಟಿಗಳನ್ನು ವೆಲ್ಡ್ ಮಾಡಿ ಜೋಡಣೆಗಳನ್ನು ಬಲಪಡಿಸಲಾಯಿತು. ಆದರೆ ಸಾರ್ವಜನಿಕರಿಗೆ ಪೂರ್ಣ ಸತ್ಯ ತಿಳಿದದ್ದು 1995ರಲ್ಲಿ. ಅಪಾಯದ ನೆರಳಲ್ಲಿದ್ದ ಜನರಿಗೆ ಅಂದೇ ತಿಳಿಸಬೇಕಿತ್ತು ಎಂಬ ಟೀಕೆ ನ್ಯಾಯವಾದದ್ದೇ. ಪಾಪನಿವೇದನೆಯಲ್ಲಿ ನಾವು ಕಲಿಯುವುದೂ ಇದನ್ನೇ: ತಪ್ಪನ್ನು ಪೂರ್ಣವಾಗಿ ಒಪ್ಪಿಕೊಳ್ಳಬೇಕು, ಆದ ಹಾನಿಯನ್ನು ಸರಿಪಡಿಸಬೇಕು.

ಈ ಹೊಣೆ ಇಂಜಿನಿಯರುಗಳದ್ದು ಮಾತ್ರವಲ್ಲ. ಪರವಾನಗಿ ಇಲ್ಲದೆ ಇನ್ನೊಂದು ಮಾಳಿಗೆ ಏರಿಸಿ ಎಂದು ಒತ್ತಾಯಿಸುವವರು ನಾವೇ. ಧರ್ಮಕೇಂದ್ರದ ಸಭಾಭವನ ಹಬ್ಬದೊಳಗೆ ಮುಗಿಯಬೇಕೆಂದು ಅವಸರಪಡಿಸುವವರೂ ನಾವೇ. 'ಇದು ಸುರಕ್ಷಿತವಲ್ಲ' ಎಂದು ಸಹಿ ಹಾಕಲು ನಿರಾಕರಿಸುವ ಯುವ ಇಂಜಿನಿಯರ್ ಕೆಲಸವನ್ನೇ ಕಳೆದುಕೊಳ್ಳಬಹುದು. ಮನೆಸಾಲದ ಕಂತು, ತಂಗಿಯ ಮದುವೆ ಎದುರಿಗಿರುವಾಗ ಆ ನಿರ್ಧಾರ ಸುಲಭವಲ್ಲ. ಅಂತಹವರಿಗೆ ಧರ್ಮಕೇಂದ್ರದ ಹಿರಿಯರು ಧೈರ್ಯ ತುಂಬಬೇಕು, ಬೇರೆ ಕೆಲಸ ಹುಡುಕಲು ನೆರವಾಗಬೇಕು.

ಸೆಪ್ಟೆಂಬರ್ 15 ನಮ್ಮ ದೇಶದಲ್ಲಿ ಇಂಜಿನಿಯರುಗಳ ದಿನ. ಧರ್ಮಸಭೆಯಲ್ಲಿ ಅಂದೇ ವ್ಯಾಕುಲ ಮಾತೆಯ ಸ್ಮರಣೆ. ಆ ದಿನದ ಬಲಿಪೂಜೆಯಲ್ಲಿ ನಮ್ಮ ಇಂಜಿನಿಯರುಗಳಿಗಾಗಿ, ಅವರು ಕಟ್ಟಿದ ಸೂರಿನಡಿ ಮಲಗುವ ಕುಟುಂಬಗಳಿಗಾಗಿ ಪ್ರಾರ್ಥಿಸೋಣ.