ತೋಳಿನ ಬಿಲ್ಲೆ ಫೋನಿಗೆ ಹೇಳುವ ಶುಗರ್ ಸುದ್ದಿ

ಮದುವೆ ಮನೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವರು ಹತ್ತಿರ ಬರುತ್ತಿದ್ದಂತೆ ಜೇಬಿನಿಂದ ಫೋನ್ ತೆಗೆದು ತಮ್ಮ ಶುಗರ್ ನೋಡಿಕೊಳ್ಳುವವರು ಈಗ ಅಲ್ಲಲ್ಲಿ ಸಿಗುತ್ತಾರೆ. ಅಂಥವರ ತೋಳಿನ ಹಿಂಬದಿಗೆ ಚಿಕ್ಕದೊಂದು ಬಿಲ್ಲೆ ಅಂಟಿಕೊಂಡಿರುತ್ತದೆ. ಹೆಸರು ಸಿ.ಜಿ.ಎಂ., ಅಂದರೆ ಹಗಲು ರಾತ್ರಿ ಬಿಡದೆ ಗ್ಲೂಕೋಸ್ ಅಳೆಯುವ ಸಾಧನ. ಜನ ಹೊಗಳುವುದು ಮಾತ್ರ ಆ್ಯಪನ್ನು. ಫೋನಿಗೋ ಸಕ್ಕರೆಯ ಗಂಧಗಾಳಿಯೂ ಇಲ್ಲ.

ಅಳತೆ ನಡೆಯುವುದು ಬಿಲ್ಲೆಯ ಅಡಿಯಲ್ಲಿ. ಅಲ್ಲಿಂದ ಒಂದು ಬಾಗುವ ಎಳೆ ಚರ್ಮದೊಳಕ್ಕೆ ಸುಮಾರು 5 ಮಿಲಿಮೀಟರ್ ಇಳಿದಿರುತ್ತದೆ. ಅದರ ದಪ್ಪ ಅರ್ಧ ಮಿಲಿಮೀಟರಿಗೂ ಕಡಿಮೆ. ತುದಿಗೆ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಲೇಪಿಸಿರುತ್ತಾರೆ. ಈ ಕಿಣ್ವವನ್ನು ಹೆಚ್ಚಾಗಿ ತೆಗೆಯುವುದು ಆಸ್ಪರ್ಜಿಲ್ಲಸ್ ನೈಜರ್ ಎಂಬ ಬೂಷ್ಟಿನಿಂದ. ಈರುಳ್ಳಿಯ ಮೇಲೆ ಕಪ್ಪು ಮಸಿಯಂತೆ ಕೂರುತ್ತದಲ್ಲ, ಅದರದೇ ಬಳಗ. ಗ್ಲೂಕೋಸ್ ಅಣು ಸಿಕ್ಕಿದೊಡನೆ ಕಿಣ್ವ ಅದರಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ. ಕೆಲವು ಸೆನ್ಸರುಗಳಲ್ಲಿ ಇದರಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿ, ಅದನ್ನು ಎಲೆಕ್ಟ್ರೋಡ್ ಗುರುತಿಸುತ್ತದೆ. ಇನ್ನು ಕೆಲವುಗಳಲ್ಲಿ ಆಸ್ಮಿಯಂ ಲೋಹದ ಸಂಯುಕ್ತವೊಂದು ಎಲೆಕ್ಟ್ರಾನುಗಳನ್ನು ನೇರವಾಗಿ ದಾಟಿಸುತ್ತದೆ. ಹೇಗೇ ಆದರೂ ಕೊನೆಗೆ ಹರಿಯುವುದು ನ್ಯಾನೋ ಆಂಪಿಯರ್ ಲೆಕ್ಕದ ವಿದ್ಯುತ್ತು. ಒಂದು ನ್ಯಾನೋ ಆಂಪಿಯರ್ ಅಂದರೆ ಆಂಪಿಯರಿನ ನೂರು ಕೋಟಿಯಲ್ಲೊಂದು ಪಾಲು. ಗ್ಲೂಕೋಸ್ ಹೆಚ್ಚಾದಂತೆ ಅದೂ ಹೆಚ್ಚುತ್ತದೆ. ಕಿಣ್ವವನ್ನು ಎಲೆಕ್ಟ್ರೋಡಿಗೆ ಜೋಡಿಸುವ ಈ ಉಪಾಯವನ್ನು ಅಮೆರಿಕದ ಲೀಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ 1962ರಲ್ಲೇ ಮುಂದಿಟ್ಟಿದ್ದರು. ಆದರೆ ಮೊದಲ ಸಿ.ಜಿ.ಎಂ.ಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 1999ರಲ್ಲಿ. ಅದೂ ಮೂರು ದಿನದ ಮಾತು. ಮಾಪನಗಳನ್ನು ಆಮೇಲೆ ವೈದ್ಯರು ಕಂಪ್ಯೂಟರಿಗೆ ಇಳಿಸಿಕೊಂಡು ನೋಡಬೇಕಿತ್ತು.

ಇಲ್ಲೊಂದು ಸೂಕ್ಷ್ಮವಿದೆ. ಆ ಎಳೆ ರಕ್ತವನ್ನು ಮುಟ್ಟುವುದೇ ಇಲ್ಲ. ಅದು ಕುಳಿತಿರುವುದು ಜೀವಕೋಶಗಳ ನಡುವಿನ ದ್ರವದಲ್ಲಿ. ರಕ್ತದ ಗ್ಲೂಕೋಸ್ ಅಲ್ಲಿಗೆ ಬಸಿದು ಬರಲು ಐದರಿಂದ ಹತ್ತು ನಿಮಿಷ ಬೇಕು. ಸುಮ್ಮನೆ ಕುಳಿತಿರುವಾಗ ಈ ತಡದಿಂದ ಏನೂ ಆಗುವುದಿಲ್ಲ. ಊಟವಾದ ಕೂಡಲೇ, ಓಡುವಾಗ, ಇನ್ಸುಲಿನ್ ತೆಗೆದುಕೊಂಡ ಮೇಲೆ ರಕ್ತದ ಲೆಕ್ಕ ಮುಂದೆ ಹೋಗಿರುತ್ತದೆ, ಫೋನಿನ ಲೆಕ್ಕ ಹಿಂದೆ ಉಳಿದಿರುತ್ತದೆ. ಆದ್ದರಿಂದ ಆ್ಯಪಿನಲ್ಲಿ ಅಂಕಿಗಿಂತ ಬೆಲೆಬಾಳುವುದು ಅದರ ಪಕ್ಕದ ಬಾಣ. 110 ಎಂದು ತೋರಿಸಿ ಬಾಣ ಅಡ್ಡವಾಗಿದ್ದರೆ ನಿಶ್ಚಿಂತೆ. ಅದೇ 110ರ ಪಕ್ಕ ಬಾಣ ನೆಟ್ಟಗೆ ಕೆಳಮುಖವಾಗಿದ್ದರೆ, ಕೆಲವು ಆ್ಯಪ್‌ಗಳ ಪ್ರಕಾರ ಡೆಸಿಲೀಟರಿಗೆ ನಿಮಿಷಕ್ಕೆ 2 ಮಿಲಿಗ್ರಾಂಗಿಂತ ವೇಗವಾಗಿ ಇಳಿಯುತ್ತಿದೆ ಎಂದರ್ಥ. ಇಪ್ಪತ್ತು ನಿಮಿಷದಲ್ಲಿ ಎಲ್ಲಿಗೆ ಮುಟ್ಟುತ್ತದೆ, ನೀವೇ ಗುಣಿಸಿ ನೋಡಿ.

ಈ ಸಾಧನವನ್ನು ಫೋನಿಗೆ ತಂದ ಕಥೆಯಲ್ಲಿ ಕಂಪನಿಗಳಿಗಿಂತ ಒಬ್ಬ ಅಪ್ಪನ ಪಾಲು ನನಗೆ ದೊಡ್ಡದಾಗಿ ಕಾಣುತ್ತದೆ. ನ್ಯೂಯಾರ್ಕ್ ರಾಜ್ಯದ ಸಾಫ್ಟ್‌ವೇರ್ ಎಂಜಿನಿಯರ್ ಜಾನ್ ಕೋಸ್ಟಿಕ್ ಅವರ ಪುಟ್ಟ ಮಗನಿಗೆ ಟೈಪ್ 1 ಮಧುಮೇಹ. ಮಗುವಿನ ಸಿ.ಜಿ.ಎಂ. ತೋರಿಸುವ ಅಂಕಿ ಅದರ ಜೊತೆಗಿದ್ದ ರಿಸೀವರಿನಲ್ಲಷ್ಟೇ ಕಾಣುತ್ತಿತ್ತು; ಮಗು ಶಾಲೆಗೆ ಹೋದರೆ ಅಪ್ಪನಿಗೆ ಏನೂ ತಿಳಿಯದು. 2013ರಲ್ಲಿ ಅವರು ಆ ಯಂತ್ರದ ಸಂಕೇತಗಳನ್ನು ಬಿಡಿಸಿ, ಫೋನಿನ ಮೂಲಕ ಅಂತರ್ಜಾಲಕ್ಕೆ ಏರಿಸುವ ದಾರಿ ಕಂಡುಕೊಂಡರು. ಇಂಥದೇ ಪಾಡಿನ ಇತರ ತಂದೆತಾಯಿಗಳು ಕೈಜೋಡಿಸಿ ಅದನ್ನು ನೈಟ್‌ಸ್ಕೌಟ್ ಎಂಬ ಉಚಿತ ತಂತ್ರಾಂಶವಾಗಿ ಬೆಳೆಸಿದರು. ಇವತ್ತು ದೂರದ ಊರಿನಲ್ಲಿರುವ ಮಗಳು ಅಮ್ಮನ ಶುಗರನ್ನು ತನ್ನ ಫೋನಿನಲ್ಲೇ ನೋಡಬಹುದಾದರೆ, ಕಾಯಲಾರೆ ಎಂದು ಹಟ ಹಿಡಿದ ಆ ಪೋಷಕರನ್ನು ನೆನೆಯಬೇಕು.

ಇಷ್ಟೊಂದು ಅಂಕಿಗಳಿಂದ ಲಾಭವೇನು? ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಸರಾಸರಿಯನ್ನು ಹೇಳುತ್ತದೆ. ದಿನವಿಡೀ ಸಮವಾಗಿರುವವರಿಗೂ, ಬೆಳಿಗ್ಗೆ 60, ಮಧ್ಯಾಹ್ನ 260 ಎಂದು ಏರಿಳಿಯುವವರಿಗೂ ಅದು ಒಂದೇ ಉತ್ತರ ಕೊಡಬಹುದು. ಆ್ಯಪಿನ ಗೆರೆ ಈ ಗುಟ್ಟನ್ನು ಬಿಟ್ಟುಕೊಡುತ್ತದೆ. 2019ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಪ್ಪಿದ ಗುರಿ ಹೀಗಿದೆ: ಟೈಪ್ 1 ಮತ್ತು ಟೈಪ್ 2 ಇರುವ ಹೆಚ್ಚಿನವರಲ್ಲಿ ದಿನದ ಶೇ. 70ಕ್ಕಿಂತ ಹೆಚ್ಚು ಹೊತ್ತು ಗ್ಲೂಕೋಸ್ 70ರಿಂದ 180ರ ನಡುವೆ ಇರಬೇಕು. 70ರ ಕೆಳಗಿರುವ ಹೊತ್ತು ಶೇ. 4ನ್ನು ಮೀರಬಾರದು. ವಯಸ್ಸಾದವರಿಗೆ ಶೇ. 50 ಆದರೂ ಸಾಕು. ಅವರಿಗೆ ಏರುವುದಕ್ಕಿಂತ ಇಳಿಯುವುದೇ ಹೆಚ್ಚು ಅಪಾಯ.

ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದಂತೆ ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಇವರೆಲ್ಲರೂ ವರ್ಷವಿಡೀ ಬಿಲ್ಲೆ ಹಾಕಿಕೊಳ್ಳಬೇಕೇ? ಬೇಡ ಎಂಬುದೇ ನನ್ನ ಅಭಿಪ್ರಾಯ. ಹತ್ತು ಹದಿನೈದು ದಿನಕ್ಕೇ ಮುಗಿಯುವ ಒಂದು ಸೆನ್ಸರಿಗೆ ಸಾವಿರಗಟ್ಟಲೆ ರೂಪಾಯಿ ತೆರಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಅದರಲ್ಲೂ ಮಕ್ಕಳಿಗೆ, ಆ ಖರ್ಚು ಸಾರ್ಥಕ. ಬರೀ ಮಾತ್ರೆಯಲ್ಲಿರುವವರು ವೈದ್ಯರ ಸಲಹೆ ಕೇಳಿ ಆಗೊಮ್ಮೆ ಈಗೊಮ್ಮೆ ಒಂದು ಸೆನ್ಸರ್ ಹಾಕಿಸಿಕೊಂಡರೆ ಸಾಕು. ಬಿಳಿ ಅನ್ನಕ್ಕೆ ಎಷ್ಟು, ಮುದ್ದೆಗೆ ಎಷ್ಟು, ಊಟದ ಮೇಲೆ ಒಂದು ಸುತ್ತು ನಡೆದು ಬಂದರೆ ಎಷ್ಟು ಎಂಬುದು ಅವರವರ ಮೈಯಿಂದಲೇ ತಿಳಿಯುತ್ತದೆ. ಕಾಯಿಲೆಯೇ ಇಲ್ಲದವರು ಇಡ್ಲಿಗೊಮ್ಮೆ ಗೆರೆ ನೋಡಿ ಗಾಬರಿ ಬೀಳುವುದು ಹೊಸ ಕಾಲದ ಶೋಕಿ, ಅಷ್ಟೆ.

ಸೆನ್ಸರ್ ಎಡವುವುದೂ ಉಂಟು. ಬಿಲ್ಲೆ ಇರುವ ಮಗ್ಗುಲಲ್ಲೇ ಮಲಗಿದರೆ ಅಲ್ಲಿನ ದ್ರವದ ಹರಿವು ತಗ್ಗಿ, ನಡುರಾತ್ರಿ ಸುಳ್ಳು ಲೋ ಶುಗರ್ ಎಚ್ಚರಿಕೆ ಕೂಗುತ್ತದೆ. ಕೆಲವು ಸೆನ್ಸರುಗಳು ಹೆಚ್ಚು ವಿಟಮಿನ್ ಸಿ ಮಾತ್ರೆ ನುಂಗಿದವರಲ್ಲಿ, ಇನ್ನು ಕೆಲವು ಪ್ಯಾರಸಿಟಮಾಲ್ ತೆಗೆದುಕೊಂಡವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಫೋನ್ ಸೈಲೆಂಟ್‌ನಲ್ಲಿದ್ದರೆ ಎಚ್ಚರಿಕೆ ಕೇಳಿಸದೇ ಹೋಗಬಹುದು, ಸೆಟ್ಟಿಂಗ್ ನೋಡಿಕೊಳ್ಳಿ. ಸೂಜಿಯೇ ಇಲ್ಲದೆ ಶುಗರ್ ಹೇಳುತ್ತೇವೆನ್ನುವ ಕೈಗಡಿಯಾರ, ಉಂಗುರಗಳನ್ನಂತೂ ನಂಬಬೇಡಿ. ಅಂಥ ಒಂದಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲವೆಂದು ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಸಾರ್ವಜನಿಕವಾಗಿ ಎಚ್ಚರಿಸಿದೆ.

ಬಿಲ್ಲೆ ಇದೆಯೆಂದು ಗ್ಲೂಕೋಮೀಟರನ್ನು ಅಟ್ಟಕ್ಕೆ ಹಾಕಬೇಡಿ. ಮೈ ಬೆವರಿ, ಕೈ ನಡುಗಿ, ಕಣ್ಣು ಕತ್ತಲೆ ಬರುತ್ತಿದ್ದರೂ ಪರದೆ ಎಲ್ಲ ಸರಿಯಿದೆ ಎನ್ನುತ್ತಿದ್ದರೆ ಬೆರಳು ಚುಚ್ಚಿ ನೋಡಿ. ಸ್ಟ್ರಿಪ್ ಕೈಗೆ ಸಿಗದಿದ್ದರೆ ಮೊದಲು ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಕದಡಿ ಕುಡಿಯಿರಿ.